ಕದಿರಪ್ಪ ಮಾವನ ಬಿಗಿಮಣೆ

ಗೋಡೆಯ ಕಡೆ ಮುಖ ಮಾಡಿಕೊಂಡೇ ಕದಿರಪ್ಪ ಮಾವ ಭಾಷಣ ಶುರು ಮಾಡಿದರು. ಅವರ ಬೆನ್ನ ಹಿಂದೆ, ಅವರ ಮನೆಯ ಹಿತ್ತಿಲಿನಲ್ಲಿ, ನಮ್ಮ ಬೀದಿಯ ಹೆಂಗಸರೆಲ್ಲ ಕೂತಿದ್ದೆವು. ನಡುವೆ ಹಲಸಿನ ಹಲಗೆಯ ಒಂದು ಮಣೆ ಇತ್ತು. ವಿಷಯ ಹೆಂಗಸರದ್ದಾದ್ದರಿಂದ ತಿರುಗಿ ನೋಡುವುದಿಲ್ಲವೆಂದು ಅವರು ಹೆಂಡತಿ ನರಸಮ್ಮನವರಿಗೆ ಮಾತು ಕೊಟ್ಟಿದ್ದರು. ಹಾಗಾಗಿ ಆ ದಿನದ ವಿಜ್ಞಾನವನ್ನೆಲ್ಲ ಅವರು ಸುಣ್ಣದ ಗೋಡೆಗೇ ವಿವರಿಸಿದರು.

"ಬಾವಿಗೆ ಪೈಪು ಇಳಿಸ್ತೀವಿ. ಪೈಪಿನ ತುದೀಲಿ ಏನ್ ಹಾಕ್ತೀವಿ? ಫುಟ್ ವಾಲ್ವು. ಮೇಲಕ್ಕೆ ಬಂದ ನೀರು ವಾಪಸ್ ಜಾರದಂಗೆ ಹಿಡ್ಕಳೋದು ಅದರ ಕೆಲ್ಸ. ಅದು ಸಡ್ಲ ಆದ್ರೆ ಎಷ್ಟು ದೊಡ್ಡ ಮೋಟ್ರಿದ್ರೂ ದಂಡ. ಮನುಷ್ಯರ ಮೈಗೂ ಅಂಥದ್ದೊಂದು ಫುಟ್ ವಾಲ್ವ್ ಐತೆ."

"ನಾನೇನು ಪಂಪ್‌ಸೆಟ್ಟಾ?" ಎಂದರು ನರಸಮ್ಮ.

"ಪಂಪ್‌ಸೆಟ್ಟಾಗಿದ್ರೆ ಆಫ್ ಮಾಡಕ್ಕೆ ಸ್ವಿಚ್ ಇರೋದು ಕಣೆ."

ಕದಿರಪ್ಪ ಮಾವನಿಗೆ ಶಿರಾ ಬಸ್ ಸ್ಟ್ಯಾಂಡಿನ ಹತ್ತಿರ ಮೋಟಾರು ರಿವೈಂಡಿಂಗ್ ಅಂಗಡಿ ಇದೆ. ಸುಟ್ಟುಹೋದ ಪಂಪುಗಳಿಗೆ ತಾಮ್ರದ ತಂತಿ ಸುತ್ತಿ ಜೀವ ಕೊಡುತ್ತಾರೆ. ಮಿಕ್ಕ ತಂತಿಯಲ್ಲಿ ಹೊಸ ಯಂತ್ರ ಮಾಡುತ್ತಾರೆ. ಇದಕ್ಕೆ ಮೊದಲು ರಾಗಿಮುದ್ದೆ ತೊಳಸುವ ಮೋಟಾರು ಮಾಡಿದ್ದರು. ಅದು ಮೊದಲ ಮುದ್ದೆಯನ್ನೇ ನಮ್ಮ ಅಟ್ಟಕ್ಕೆ ಎಸೆದಿತ್ತು. ಎರಡನೆಯದು ಎಲ್ಲಿ ಹೋಯಿತೆಂದು ಇವತ್ತಿಗೂ ಗೊತ್ತಿಲ್ಲ.

ಆದರೆ ಈ ಸಲ ಯಾರೂ ನಗಲಿಲ್ಲ. ನಕ್ಕರೆ ಕಷ್ಟ ಎನ್ನುವವರೇ ಅಲ್ಲಿ ಹೆಚ್ಚು ಮಂದಿ ಇದ್ದರು. ಹೆರಿಗೆಗಳಾದ ಮೇಲೆ, ವಯಸ್ಸು ಕಳೆದ ಮೇಲೆ, ಸೊಂಟದ ತಳದಲ್ಲಿ ತೊಟ್ಟಿಲಿನಂತೆ ಹರಡಿರುವ ಸ್ನಾಯುಗಳು ಸಡಿಲವಾಗುತ್ತವೆ. ಆಗ ಕೆಮ್ಮಿದರೆ, ಸೀನಿದರೆ, ಕೊಡ ಎತ್ತಿದರೆ ಮೂತ್ರ ಹನಿ ಜಾರುತ್ತದೆ. ಬೀದಿಯಲ್ಲಿ ಎಲ್ಲರಿಗೂ ಗೊತ್ತಿದ್ದ, ಯಾರೂ ಆಡದ ಮಾತು ಇದು. ಆಡಿದವರು ನರಸಮ್ಮನವರೊಬ್ಬರೇ, ಅದೂ ಗಂಡನ ಹತ್ತಿರ, ಬೈಗುಳದ ಜೊತೆಗೆ. ಅದರಿಂದಲೇ ಈ ಮಣೆ ಹುಟ್ಟಿತ್ತು.

ನನ್ನ ಸೋದರತ್ತೆ ಓಬಮ್ಮ ಎಲ್ಲರಿಗಿಂತ ಹಿಂದೆ, ಸೆರಗನ್ನು ಸೊಂಟಕ್ಕೆ ಬಿಗಿದು ಕೂತಿದ್ದಳು. ಅವಳು ಸೋಬಾನೆ ಹಾಡುವವಳು. ನಮ್ಮ ಕಡೆ ಮದುವೆಯ ಬೆಳಗ್ಗೆ ಹೆಂಗಸರು ಕಳಸ ಹಿಡಿದು ಗಂಗೆ ತರಲು ಹೋಗುತ್ತಾರೆ. ಅಲ್ಲಿ ಅತ್ತೆ ದನಿ ಎತ್ತಿದ ಮೇಲೇ ಕಳಸಕ್ಕೆ ನೀರು ಹಿಡಿಯುವುದು. ಎರಡು ವರ್ಷದಿಂದ ಅತ್ತೆ ಎಲ್ಲೂ ಹಾಡಿರಲಿಲ್ಲ. ಗಂಟಲು ಹೋಯಿತೆಂದು ಊರಿಗೆಲ್ಲ ಹೇಳಿದ್ದಳು. ಗಂಟಲಿಗೆ ಏನೂ ಆಗಿರಲಿಲ್ಲ. ದನಿ ಮೇಲೆ ಹೋದರೆ ಕೆಳಗೆ ಸೀರೆ ಒದ್ದೆಯಾಗುತ್ತಿತ್ತು. ಇದು ನನಗೆ ಮಾತ್ರ ಗೊತ್ತಿತ್ತು.

ಈಗ ಅವಳ ಮಗಳು ಪವಿತ್ರಳದೇ ಮದುವೆ ಬರುವ ಚಳಿಗಾಲಕ್ಕೆ ಗೊತ್ತಾಗಿತ್ತು. ಹಾಡಲಾರೆ ಎಂದು ಅತ್ತೆ ಮಗಳಿಗೂ ಗಂಟಲಿನ ಕತೆಯನ್ನೇ ಹೇಳಿದ್ದಳು. ಪವಿತ್ರ ನಂಬಿರಲಿಲ್ಲ. ಗಂಡು ಅಮ್ಮನಿಗೆ ಹಿಡಿಸಿಲ್ಲ, ಅದಕ್ಕೇ ಹಾಡುವುದಿಲ್ಲ ಎಂದುಕೊಂಡು ಒಳಗೊಳಗೇ ಕೊರಗುತ್ತಿದ್ದಳು.

ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅತ್ತೆಯ ಮನೆಯ ಬಾಗಿಲಲ್ಲಿ ಕೂತು ಸೀರೆಗಳಿಗೆ ಕುಚ್ಚು ಕಟ್ಟುತ್ತೇನೆ. ಮಾತು ಕಡಿಮೆ. ಅದಕ್ಕೋ ಏನೋ, ಬೀದಿಯಲ್ಲಿ ನಡೆಯುವುದೆಲ್ಲ ಕಣ್ಣಿಗೆ ಬೀಳುತ್ತದೆ. ಲೇಡಿ ಡಾಕ್ಟರ ಹತ್ತಿರ ಅತ್ತೆಯನ್ನು ಕರೆದುಕೊಂಡು ಹೋದವಳೂ ನಾನೇ. ಡಾಕ್ಟರು ಸಮಾಧಾನವಾಗಿ ಹೇಳಿದ್ದರು: "ಮೂತ್ರ, ಗಾಳಿ ಎರಡನ್ನೂ ಒಟ್ಟಿಗೆ ತಡೀತೀರಲ್ಲ, ಹಾಗೆ ಒಳಕ್ಕೆ, ಮೇಲಕ್ಕೆ ಬಿಗಿ ಹಿಡೀರಿ. ಉಸಿರು ಕಟ್ಟಬೇಡಿ. ಹೊಟ್ಟೆ, ತೊಡೆ ಬಿಗಿಯಬೇಡಿ. ಎಷ್ಟು ಹೊತ್ತು ಹಿಡಿದ್ರೋ ಅಷ್ಟೇ ಹೊತ್ತು ಪೂರ್ತಿ ಸಡಿಲ ಬಿಡಿ. ದಿನಾ ಮಾಡಿ. ತಿಂಗಳುಗಟ್ಟಲೆ ಮಾಡಿದ್ರೆ ಗುಣ ಕಾಣುತ್ತೆ."

ಅತ್ತೆ ಮನೆಗೆ ಬಂದು ಮಾಡಿದಳು. ಕೆನ್ನೆ ಉಬ್ಬಿಸಿ, ಕಣ್ಣು ಮೇಲೆ ಮಾಡಿ, ಉಸಿರು ಕಟ್ಟಿ ಕೂತರೆ ನೋಡುವವರಿಗೇ ಎದೆ ನೋವು ಬರಬೇಕು. "ಸರಿಯಾಗಿ ಆಗ್ತೈತೋ ಇಲ್ವೋ ಹೆಂಗೆ ಗೊತ್ತಾಗ್ಬೇಕೇ ಯಶೋದಾ? ಕಾಣೋ ಜಾಗಾನಾ ಅದು?" ಎನ್ನುತ್ತಿದ್ದಳು.

ಆ ಪ್ರಶ್ನೆಗೆ ಉತ್ತರವೇ ಕದಿರಪ್ಪ ಮಾವನ ಮಣೆ. ಮೇಲೆ ಸೈಕಲ್ ಟ್ಯೂಬಿನ ಮೆತ್ತೆ. ಪಕ್ಕದಲ್ಲಿ ಹಳೇ ಪಂಪಿನ ಮುಳ್ಳಿನ ಮೀಟರು. ಕೆಳಗೆ ತಗಡಿನ ಡಬ್ಬಿ, ಅದರೊಳಗೆ ತಾಮ್ರದ ಸುರುಳಿ. ಆ ಸುರುಳಿಗೆ ಕಲಿಯುವ ಶಕ್ತಿ ಇದೆ, ಯಾರು ಹೇಗೆ ಹಿಡಿದರೋ ಆ ಹಿಡಿತವನ್ನು ನೆನಪಿಟ್ಟುಕೊಂಡು ಮುಂದಿನವರಿಗೆ ಕಲಿಸುತ್ತದೆ ಎಂದರು. ಸುರುಳಿಯ ಅರ್ತ್ ತಂತಿಯನ್ನು ಬೀದಿಯ ನಲ್ಲಿಯ ಪೈಪಿಗೆ ಬಿಗಿದಿದ್ದರು. ನಮ್ಮಲ್ಲಿ ರೇಡಿಯೋ ಕಾಲದಿಂದಲೂ ಅರ್ತ್ ಎಂದರೆ ನಲ್ಲಿ ಪೈಪೇ.

ಮೊದಲು ನರಸಮ್ಮ ಕೂತರು. ಡಬ್ಬಿಯಿಂದ 'ಚ್' ಎಂದು ಶಬ್ದ ಬಂತು.

"ತೊಡೆ ಬಿಗೀತಿದೀಯ. ತಪ್ಪು," ಎಂದರು ಮಾವ ಗೋಡೆಗೆ.

"ಚ್."

"ಈಗ ಉಸಿರು ಕಟ್ಟಿದೀಯ."

"ಚ್. ಚ್."

"ಈಗೇನು ಮಾಡಿದೆ?"

"ಈಗ ಡಬ್ಬಿ ಅಲ್ಲ, ನಿಮ್ಮ ಮೇಲೆ ನಾನೇ ಲೊಚಗುಟ್ಟಿದ್ದು," ಎಂದು ನರಸಮ್ಮ ಎದ್ದುಬಿಟ್ಟರು.

ಅತ್ತೆಯನ್ನು ಎಲ್ಲರೂ ಸೇರಿ ಕೂರಿಸಿದರು. ಅವಳು ಕಣ್ಣು ಮುಚ್ಚಿದಳು. ಎರಡು ಸಲ 'ಚ್' ಎಂದ ಡಬ್ಬಿ ಮೂರನೆಯ ಸಲಕ್ಕೆ ಸುಮ್ಮನಾಯಿತು. ಆಮೇಲೆ ಅದರೊಳಗಿಂದ ಸಣ್ಣಗೆ 'ಹ್ಞೂಂ' ಎಂಬ ನಾದ ಎದ್ದಿತು. ಮೀಟರಿನ ಮುಳ್ಳು ಏರಿತು. ಹೆಂಗಸರೆಲ್ಲ ಬಾಯಿ ಮುಚ್ಚಿ ಕೇಳಿದರು. ದೂರದಲ್ಲಿ ಯಾರೋ ಮುದುಕಿ ಒಪ್ಪಿಗೆ ಕೊಟ್ಟ ಹಾಗಿತ್ತು.

ನಾನು ಕೂತಲ್ಲಿಂದ ಹಿತ್ತಿಲ ಬಾಗಿಲಾಚೆ ಬೀದಿಯ ನಲ್ಲಿ ಕಾಣುತ್ತಿತ್ತು. ನಾನು ಹುಟ್ಟುವ ಮೊದಲಿನಿಂದಲೂ ತೊಟ್ಟಿಕ್ಕುತ್ತಿದ್ದ ನಲ್ಲಿ ಅದು. ಆ ಗಳಿಗೆಯಲ್ಲಿ ಅದರ ತುದಿಯಲ್ಲಿ ಒಂದು ಹನಿ ಮೂಡಿತು, ದಪ್ಪವಾಯಿತು, ಜೋತುಬಿದ್ದಿತು. ಬೀಳಲಿಲ್ಲ.

ಅತ್ತೆ ಎದ್ದಳು. ಮುಳ್ಳು ಇಳಿಯಿತು, ಆದರೆ ಸೊನ್ನೆಯವರೆಗೆ ಇಳಿಯಲಿಲ್ಲ. ಹೇಳಬೇಕೆನ್ನಿಸಿತು. ಗೋಡೆ ನೋಡುತ್ತಾ ನಿಂತ ಗಂಡಸಿನ ಬೆನ್ನಿಗೆ ಅಂಥ ವಿಷಯ ಹೇಗೆ ಹೇಳುವುದು?

ಆಮೇಲಿನ ದಿನಗಳಲ್ಲಿ ಮಧ್ಯಾಹ್ನದ ಊಟ ಮುಗಿದರೆ ಸಾಕು, ಹೆಂಗಸರು ಒಬ್ಬೊಬ್ಬರಾಗಿ ಕದಿರಪ್ಪ ಮಾವನ ಹಿತ್ತಿಲಿಗೆ ಹೋಗುತ್ತಿದ್ದರು. ಮಾವ ಆ ಹೊತ್ತಿಗೆ ಅಂಗಡಿಗೆ ಹೊರಡಬೇಕೆಂದು ನರಸಮ್ಮ ಕಾನೂನು ಮಾಡಿದ್ದರು. ಯುಗಾದಿ ಕಳೆಯಿತು, ಮಳೆಗಾಲ ಹೋಯಿತು. ಮಣೆ ನಿಜವಾಗಿಯೂ ಕಲಿಸಿತು. ಅತ್ತೆ ಕೆಮ್ಮಿದರೆ ಒದ್ದೆಯಾಗುತ್ತಿರಲಿಲ್ಲ. ಕೊಡ ಎತ್ತಿದರೂ ಇಲ್ಲ. ಒಗೆದು ಹರವುತ್ತಿದ್ದ ಹಳೇ ಬಟ್ಟೆಯ ತುಂಡುಗಳು ತಂತಿಯ ಮೇಲೆ ಕಾಣದಾದವು.

ಆದರೆ ಅತ್ತೆ ಮಣೆಯಿಂದ ಎದ್ದ ಮೇಲೂ ಬಿಗಿ ಬಿಡುತ್ತಿರಲಿಲ್ಲ. ಇಡೀ ದಿನ ತಲೆಯ ಮೇಲೆ ತುಂಬಿದ ಕೊಡ ಹೊತ್ತವಳಂತೆ ನಡೆಯುತ್ತಿದ್ದಳು. "ಬಿಟ್ರೆ ಮತ್ತೆ ಸಿಗಲ್ಲ ಕಣೇ," ಎನ್ನುತ್ತಿದ್ದಳು. ಹಾಡು ಮಾತ್ರ ಬಾಯಿಗೆ ಬರಲಿಲ್ಲ.

ಒಂದು ಬೆಳಗ್ಗೆ ಒಲೆಯ ಮೇಲೆ ಹಾಲು ಉಕ್ಕಿ ಬಂತು. ಆರಿಸಲು ಓಡಿದೆ. ಹಾಲು ಪಾತ್ರೆಯ ಅಂಚು ದಾಟಿ, ಗೇಣುದ್ದ ಮೇಲೆದ್ದು, ಬಿಳಿ ಪೇಟದ ಹಾಗೆ ನಿಂತಿತ್ತು. ಒಲೆ ಆರಿಸಿದೆ. ಇಳಿಯಲಿಲ್ಲ. ಚಮಚದ ತುದಿಯಿಂದ ಮುಟ್ಟಿದಾಗ ಒಳಕ್ಕೆ ಮುದುಡಿಕೊಂಡಿತು, ತಣ್ಣನೆಯ ಕೈ ತಾಗಿದ ಕೂಸಿನ ಹೊಟ್ಟೆಯಂತೆ.

"ಒಳ್ಳೇದೇ ಆಯ್ತು ಬಿಡು, ಒಲೆ ಒರೆಸೋ ಕೆಲ್ಸ ಇಲ್ಲ," ಎಂದಳು ಅತ್ತೆ.

ಬೀದಿಯಲ್ಲಿ ಸೋರುವುದೆಲ್ಲ ನಿಂತಿತು. ತೊಟ್ಟಿಗಳ ಬಿರುಕುಗಳು ಮುಚ್ಚಿದಂತಾದವು. ಮಾಗಿ ಚಳಿ ಬಂದಾಗ ಬೇವಿನ ಮರದ ಎಲೆಗಳು ಹಣ್ಣಾದವು, ಒಂದೂ ಉದುರಲಿಲ್ಲ. ಗಾಳಿ ಬೀಸಿದರೂ ಮರ ಅಲ್ಲಾಡದೆ, ಮೈಯೆಲ್ಲ ಹಳದಿ ಮಾಡಿಕೊಂಡು, ಏನನ್ನೋ ತಡೆದುಕೊಂಡು ನಿಂತಿತ್ತು. ಒಲೆಗಳ ಹೊಗೆ ಹೆಂಚಿನ ಮೇಲೆ ಕಂಬಗಳಾಗಿ ನಿಂತು ಸಂಜೆಯವರೆಗೂ ಚದುರುತ್ತಿರಲಿಲ್ಲ. ಎದುರುಮನೆಯ ಕೂಸು ಅಳಲು ಬಾಯಿ ತೆರೆದರೆ ದನಿಯೇ ಬರುತ್ತಿರಲಿಲ್ಲ. ಬಾಯಿ ತೆರೆದೇ, ಕಣ್ಣು ಅರಳಿಸಿ, ಅಳುವನ್ನು ಹಾಗೇ ಇಟ್ಟುಕೊಂಡು ನಿದ್ದೆ ಹೋಗುತ್ತಿತ್ತು. ಮಧ್ಯಾಹ್ನ ಬಾಗಿಲಲ್ಲಿ ಕೂತು ಕುಚ್ಚು ಕಟ್ಟುವಾಗ ನನಗೆ ನನ್ನ ಸೂಜಿಯ ಸದ್ದೇ ಕೇಳಿಸುತ್ತಿತ್ತು. ಅದರಡಿಯಲ್ಲಿ, ನೆಲದಿಂದ, ಪೈಪಿನ ದಾರಿಯಲ್ಲಿ, 'ಹ್ಞೂಂ' ಎಂಬ ಆ ಮುದುಕಿಯ ದನಿ.

ಗಂಡಸರ ಕಷ್ಟ ಬೇರೆ. ಬೆಳಗ್ಗೆ ಚೊಂಬು ಹಿಡಿದು ಹೋದವರು ಹೋದ ಹಾಗೇ ಬರುತ್ತಿದ್ದರು. ಯಾರೂ ಯಾರಿಗೂ ಹೇಳಲಿಲ್ಲ. ಎಲ್ಲರೂ ಬೆನ್ನು ನೆಟ್ಟಗೆ ಮಾಡಿಕೊಂಡು, ಹೆಜ್ಜೆ ಎಣಿಸಿದ ಹಾಗೆ ಇಡುತ್ತಾ, ಬಹಳ ಗೌರವಸ್ಥರಾಗಿ ಓಡಾಡಿದರು. ಹೊರಗಿನಿಂದ ಬಂದವರು ಈ ಬೀದಿಯವರ ಶಿಸ್ತನ್ನು ಹೊಗಳಿ ಹೋದರು.

ಕದಿರಪ್ಪ ಮಾವ ಮಾತ್ರ ಒಂದು ದಿನ ನೇರವಾಗಿ ನಮ್ಮ ಬಾಗಿಲಿಗೆ ಬಂದರು. ಮುಖ ಮೂಲಂಗಿಯಂತೆ ಬಿಳಿಚಿತ್ತು.

"ಓಬಮ್ಮ, ಆ ಮಣೇನ ಇನ್ನು ಮುಟ್ಟಬ್ಯಾಡ್ರಮ್ಮ. ಪ್ಲಗ್ ಕಿತ್ತೆ. ಕೂಗು ನಿಲ್ಲಲಿಲ್ಲ. ಅರ್ತ್ ವೈರು ಕತ್ತರಿಸಿದೆ. ಈಗ ಪೈಪೇ ಕೂಗ್ತೈತೆ. ಸುರುಳಿ ಕಲಿತಿದ್ದನ್ನೆಲ್ಲ ಪೈಪಿಗೆ ಹೇಳ್ಕೊಟ್ಬಿಟ್ಟೈತೆ."

"ಕಲಿಸಿದ್ದನ್ನ ಮರೆಸಕ್ಕೆ ಆಗಲ್ವಾ?" ಎಂದಳು ಅತ್ತೆ.

"ಹೆಂಗೆ ಅಂತ ಗೊತ್ತಿಲ್ವೇ."

"ಗೊತ್ತಿಲ್ದೆ ಮಾಡೋದೇ ಇವರ ಕಸುಬು," ಎಂದರು ಹಿಂದೆಯೇ ಬಂದ ನರಸಮ್ಮ. "ನಂಗೆ ಮೂರು ದಿನದಿಂದ ಒಂದು ಸೀನು ಮೂಗಿನ ತುದೀಲಿ ನಿಂತೈತೆ ಓಬಮ್ಮ. ಬರಲ್ಲ, ಹೋಗಲ್ಲ. ಇವರನ್ನ ನೋಡಿದ್ರೆ ಅಂತೂ ಬರಂಗಾಗುತ್ತೆ, ಬರಲ್ಲ."

ಹೀಗಿರುವಾಗಲೇ ಪವಿತ್ರಳ ಮದುವೆಯ ಬೆಳಗ್ಗೆ ಬಂತು.

ಮನೆಯ ಮುಂದೆ ಚಪ್ಪರ ಹಾಕಿತ್ತು. ಗಂಡಿನ ಕಡೆಯವರು ಆಗಲೇ ಛತ್ರದಿಂದ ಹೊರಟಿದ್ದರು. ಅರಿಶಿನ ಹಚ್ಚಿದ ಪವಿತ್ರಳ ಜೊತೆ ಹೆಂಗಸರೆಲ್ಲ ಕಳಸ ಹಿಡಿದು ಬೀದಿಯ ನಲ್ಲಿಯ ಬಳಿ ನಿಂತೆವು. ಅತ್ತೆ ಕೊನೆಯಲ್ಲಿದ್ದಳು. ನರಸಮ್ಮ ನಲ್ಲಿಗೆ ಕುಂಕುಮ ಇಟ್ಟು ತಿರುಗಿಸಿದರು.

ನೀರು ಬಂತು. ಮೊಳದುದ್ದ ಬಂದು ನಿಂತುಬಿಟ್ಟಿತು. ಗಾಜಿನ ಕೋಲಿನಂತೆ, ನಲ್ಲಿಯ ಬಾಯಿಂದ ಕಳಸದ ಬಾಯಿಯವರೆಗೆ ಇಳಿದು, ಕಳಸವನ್ನು ಮುಟ್ಟದೆ ತೂಗಿತು. ಅದರೊಳಗೆ ನಮ್ಮೆಲ್ಲರ ಮುಖಗಳು ಸಣ್ಣಗೆ, ತಲೆಕೆಳಗಾಗಿ ನಿಂತಿದ್ದವು.

ಯಾರೋ ಹಾಡಲು ಬಾಯಿ ತೆರೆದರು. ದನಿ ಹೊರಡಲಿಲ್ಲ. ಇನ್ನೊಬ್ಬರು ತೆರೆದರು. ಒಬ್ಬೊಬ್ಬರಾಗಿ ಬೀದಿಯ ಹೆಂಗಸರೆಲ್ಲ ಬಾಯಿ ತೆರೆದು ನಿಂತರು, ಸದ್ದಿಲ್ಲ. ತಂತಿಯ ಮೇಲಿನ ಕಾಗೆಯೂ ಕೊಕ್ಕು ತೆರೆದು ಕೂತಿತ್ತು. ಬೇವಿನ ಮರ ಹಳದಿಯಾಗಿ ನೋಡುತ್ತಿತ್ತು. ಕಾಲಡಿಯಲ್ಲಿ ಪೈಪು 'ಹ್ಞೂಂ' ಎಂದಿತು.

ಪವಿತ್ರ ತಾಯಿಯ ಕಡೆ ತಿರುಗಿದಳು. ಕಣ್ಣೀರು ಬಂದಿತ್ತು, ಕೆನ್ನೆಗೆ ಇಳಿದಿರಲಿಲ್ಲ. ರೆಪ್ಪೆಯ ಮೇಲೆ ಎರಡು ಮಣಿಗಳಾಗಿ ನಿಂತಿತ್ತು. ಅವಳು ಪಿಸುಗುಟ್ಟಿದಳು, ಎಲ್ಲರಿಗೂ ಅಷ್ಟು ದನಿ ಮಾತ್ರ ಉಳಿದಿತ್ತು. "ಅಮ್ಮ, ಈ ಸಂಬಂಧ ನಿಂಗೆ ಇಷ್ಟ ಇಲ್ಲ ಅಂತ ಬಾಯ್ಬಿಟ್ಟು ಹೇಳ್ಬಿಡು. ಗಂಗೆ ಕೂಡ ಬರ್ತಿಲ್ಲ ನೋಡು."

ಅತ್ತೆ ಕೈ ಹಿಸುಕಿಕೊಂಡಳು. ಬೀದಿಯ ಗಂಡಸರು ಚಪ್ಪರದ ಕೆಳಗೆ ನಿಂತು ನೋಡುತ್ತಿದ್ದರು, ಕದಿರಪ್ಪ ಮಾವ ಎಲ್ಲರಿಗಿಂತ ಮುಂದೆ.

ನನ್ನ ಗಂಟಲಲ್ಲೂ ಮಾತು ನಿಂತಿತ್ತು. ಆದರೆ ನನಗೆ ಅದು ಹೊಸದಲ್ಲ. ಮಾತು ಗಂಟಲಲ್ಲಿ ನಿಂತಾಗ ಅದನ್ನು ದಾಟಿಸುವುದು ಎಷ್ಟು ಕಷ್ಟವೆಂದು ಆ ಬೀದಿಯಲ್ಲಿ ಮುಂಚಿನಿಂದ ತಿಳಿದವಳು ನಾನೊಬ್ಬಳೇ. ಮೆಲ್ಲಗೆ ಉಸಿರು ಒಳಗೆ ಎಳೆದುಕೊಂಡೆ, ಹೊಟ್ಟೆ ಸಡಿಲ ಬಿಟ್ಟೆ.

"ಮಾವ," ಎಂದೆ. ಎಲ್ಲರೂ ತಿರುಗಿದರು. ನೆಲ ನೋಡುತ್ತಲೇ ಹೇಳಿದೆ. "ಡಾಕ್ಟ್ರು ಹಿಡೀರಿ ಅಂತ ಮಾತ್ರ ಹೇಳಿರಲಿಲ್ಲ. ಹಿಡಿದಷ್ಟೇ ಹೊತ್ತು ಬಿಡಿ ಅಂದಿದ್ರು. ನಿಮ್ಮ ಮಣೆ ಬಿಡೋದು ಕಲಿಸಲಿಲ್ಲ. ಮುಳ್ಳು ಒಂದು ದಿನಾನೂ ಸೊನ್ನೆಗೆ ಬರಲಿಲ್ಲ."

ಮಾವ ತಡವರಿಸಿದರು. "ಫುಟ್ ವಾಲ್ವ್‌ಗೆ ಬಿಡೋ ಕೆಲ್ಸ ಎಲ್ಲೈತಮ್ಮ? ಹಿಡಿಯೋದೇ ಅದರ ಕೆಲ್ಸ."

"ಅದನ್ನೇ ನಾನು ಮೊದಲ ದಿನ ಕೇಳಿದ್ದು," ಎಂದರು ನರಸಮ್ಮ, ಮೂಗು ಹಿಡಿದುಕೊಂಡು. "ನಾನೇನು ಪಂಪ್‌ಸೆಟ್ಟಾ?"

ಮಾವ ಉತ್ತರ ಕೊಡಲಿಲ್ಲ. ಮದುವೆಯಾದ ಮೇಲೆ ಅದೇ ಮೊದಲಂತೆ. ಸುಮ್ಮನೆ ಹೋಗಿ ಹಿತ್ತಿಲಿಂದ ಮಣೆ ತಂದು, ಚಪ್ಪರದಾಚೆ ನಲ್ಲಿಯ ಪಕ್ಕ ಇಟ್ಟು, ಕತ್ತರಿಸಿದ ತಂತಿಯನ್ನು ಪೈಪಿಗೆ ಮತ್ತೆ ಬಿಗಿದರು. "ಚೆನ್ನಾಗಿ ಹಿಡಿದವರೇ ಚೆನ್ನಾಗಿ ಬಿಡಬೇಕು," ಎಂದರು. ಸುರುಳಿಗೆ ಮೊದಲು ಹಿಡಿತ ಕಲಿಸಿದವಳು ಯಾರೆಂದು ಎಲ್ಲರಿಗೂ ಗೊತ್ತಿತ್ತು.

ಅತ್ತೆ ನನ್ನ ತೋಳು ಹಿಡಿದಳು. "ಇಷ್ಟು ಜನದ ಮುಂದೆ ಬಿಟ್ರೆ ಏನಾಗುತ್ತೆ ಅಂತ ಗೊತ್ತಾ ನಿಂಗೆ? ಬೀಗರು ಬರೋ ಹೊತ್ತು. ಪವಿತ್ರ ತಲೆ ಎತ್ತಕ್ಕಾಗಲ್ಲ."

"ಸಡಿಲ ಬಿಡೋದು ಅಂದ್ರೆ ಸೋರೋದಲ್ಲ ಅತ್ತೆ," ಎಂದೆ. "ಇಷ್ಟು ದಿನ ಮಾಡಿದ್ದು ಎಲ್ಲಿಗೂ ಹೋಗಿಲ್ಲ. ಬಿಡು. ದನಿ ಎತ್ತೋ ಮುಂಚೆ ಒಂಚೂರು ಹಿಡಿ. ಕೆಮ್ಮೋ ಮುಂಚೆ ಹಿಡೀತೀಯಲ್ಲ, ಹಂಗೇ."

"ಅಮ್ಮ, ಏನದು ಬಿಡೋದು, ಹಿಡಿಯೋದು?" ಎಂದಳು ಪವಿತ್ರ.

ಅತ್ತೆ ಮಗಳ ಮುಖವನ್ನೇ ನೋಡಿದಳು. ಆಮೇಲೆ ಅವಳ ಕಿವಿಯಲ್ಲಿ ಬಗ್ಗಿ ಏನೋ ಹೇಳಿದಳು. ಎರಡೇ ಮಾತು. ಪವಿತ್ರಳ ಬಾಯಿ ತೆರೆದುಕೊಂಡಿತು. "ಅಷ್ಟೇನಾ?" ಎಂದಳು. "ಅದಕ್ಕಾ ಇಷ್ಟು ವರ್ಷ?"

"ಅಷ್ಟೇ ಅನ್ನೋದು ಸುಲಭ. ನೀನೂ ಹೆತ್ತು ನೋಡು," ಎಂದು ಅತ್ತೆ ಹೋಗಿ ಮಣೆಯ ಮೇಲೆ ಕೂತಳು.

ಕಣ್ಣು ಮುಚ್ಚಿದಳು. ಭುಜಗಳು ಇಳಿದವು. ದವಡೆ ಸಡಿಲವಾಯಿತು. ಎಷ್ಟೋ ತಿಂಗಳಿಂದ ನೆಟ್ಟಗೆ ನಿಂತಿದ್ದ ಅವಳ ಬೆನ್ನು ಸ್ವಲ್ಪ ಬಾಗಿತು. ಮುಳ್ಳು ಇಳಿಯತೊಡಗಿತು. ನಿಧಾನವಾಗಿ ಇಳಿದು, ಸೊನ್ನೆಯ ಹತ್ತಿರ ಹೋಗಿ, ಅಲ್ಲಿ ನಡುಗುತ್ತಾ ನಿಂತಿತು. ಬೀದಿಯೇ ಅದನ್ನು ನೋಡುತ್ತಿತ್ತು. ಆಗ ಅತ್ತೆ ಉಸಿರು ಎಳೆದುಕೊಂಡಳು. ಹಾಗೆಯೇ ಪೈಪೂ ಉಸಿರು ಎಳೆದುಕೊಂಡಿತು. ನೆಲದೊಳಗೆ, ಬೀದಿಯ ಈ ತುದಿಯಿಂದ ಆ ತುದಿಯವರೆಗೆ, ಉದ್ದನೆಯ ಉಸಿರು ಹರಿದುಹೋಗಿದ್ದು ನಮ್ಮ ಅಂಗಾಲುಗಳಿಗೆ ಗೊತ್ತಾಯಿತು. ಮುಳ್ಳು ಸೊನ್ನೆ ಮುಟ್ಟಿತು.

ಅತ್ತೆ ದನಿ ಎತ್ತಿದಳು.

ಗಂಗೆಯನ್ನು ಮನೆಗೆ ಕರೆಯುವ ಹಾಡು. ಎರಡನೆಯ ಸಾಲಿಗೆ ದನಿ ಮೇಲೆ ಹತ್ತುತ್ತದೆ. ಹತ್ತಿತು, ಅಲ್ಲೇ ನಿಂತಿತು, ಒಡೆಯಲಿಲ್ಲ.

ಆಮೇಲೆ ಬೀದಿ ಬಿಟ್ಟಿತು.

ಗಾಜಿನ ಕೋಲು ಮುರಿದು ಕಳಸಕ್ಕೆ ಬಿತ್ತು. ಹಿಂದೆಯೇ ನಲ್ಲಿ ಕಿತ್ತು ಹಾರಿತು. ಅಷ್ಟು ತಿಂಗಳು ತಡೆದುಕೊಂಡ ನೀರು ಪೈಪಿನಿಂದ, ತೊಟ್ಟಿಗಳಿಂದ, ಮನೆಮನೆಯ ನಲ್ಲಿಗಳಿಂದ ಒಟ್ಟಿಗೇ ಎದ್ದು ಚಪ್ಪರವನ್ನು ಎತ್ತಿ ಪಕ್ಕಕ್ಕಿಟ್ಟಿತು. ಬೇವಿನ ಮರ ಒಂದೇ ಸಲಕ್ಕೆ ಬೋಳಾಯಿತು. ಹೊಗೆಯ ಕಂಬಗಳು ತಲೆಯ ಮೇಲೆ ಕುಸಿದವು. ಎದುರುಮನೆಯ ಕೂಸು ಕೂಡಿಟ್ಟ ಅಳುವನ್ನೆಲ್ಲ ಸಾಲಾಗಿ ಅತ್ತಿತು. ನರಸಮ್ಮನವರ ಸೀನು ಕೊನೆಗೂ ಬಂತು, ಗಂಡನ ಟೋಪಿ ಹಾರಿತು. ಇಷ್ಟು ದಿನ ಗೌರವದಿಂದ ನಡೆಯುತ್ತಿದ್ದ ಬೀದಿಯ ಗಂಡಸರು ಪಂಚೆ ಎತ್ತಿಕೊಂಡು ದಿಕ್ಕಿಗೊಬ್ಬರಂತೆ ಓಡಿದರು. ಕದಿರಪ್ಪ ಮಾವ ಎಲ್ಲರಿಗಿಂತ ಮುಂದೆ ಓಡಿದರು.

ತಿರುವಿನಲ್ಲಿ ಬಂದ ಬೀಗರು, ಇಷ್ಟು ಆತುರದಿಂದ ಎದುರುಗೊಳ್ಳಲು ಬರುವ ಹೆಣ್ಣಿನ ಕಡೆಯವರನ್ನು ಎಲ್ಲೂ ನೋಡಿಲ್ಲ ಎಂದುಕೊಂಡರಂತೆ. ಆದರೆ ಇವರು ಯಾರೂ ಅವರ ಹತ್ತಿರ ನಿಲ್ಲಲಿಲ್ಲ.

ಅತ್ತೆ ಹಾಡು ನಿಲ್ಲಿಸಲಿಲ್ಲ. ಪವಿತ್ರ ಕಳಸ ಎತ್ತಿಕೊಂಡು ತಾಯಿಯ ಪಕ್ಕ ನಿಂತಳು. ಕಣ್ಣೀರು ಕೆನ್ನೆಗೆ ಇಳಿದಿತ್ತು. ನಗುತ್ತಿದ್ದಳು. ಹಾಡು ಮುಗಿದ ಮೇಲೆ, ಮುಡಿಯಿಂದ ಸೀರೆಯ ಅಂಚಿನವರೆಗೆ ನೆನೆದು ತೊಪ್ಪೆಯಾದ ಅತ್ತೆ ನನ್ನನ್ನು ಹತ್ತಿರಕ್ಕೆ ಎಳೆದುಕೊಂಡು ಪಿಸುಗುಟ್ಟಿದಳು. "ನಂದು ಬರೀ ನಲ್ಲಿ ನೀರು ಕಣೇ."

ಪಕ್ಕದಲ್ಲಿ ಸೆರಗು ಹಿಂಡುತ್ತಿದ್ದ ನರಸಮ್ಮನವರಿಗೆ ಅದು ಕೇಳಿಸಿತು. "ನಂದು ಅಷ್ಟು ಗ್ಯಾರಂಟಿ ಹೇಳಕ್ಕಾಗಲ್ಲ," ಎಂದರು. "ದಿನಾ ಮಾಡಿದ್ರೆ ತಾನೆ?"

ಮಣೆಯನ್ನು ಮಾವ ಬಿಚ್ಚಿಹಾಕಿದರು. ಸುರುಳಿಯ ತಂತಿ ಈಗ ಯಾರದೋ ತೋಟದ ಪಂಪಿನಲ್ಲಿದೆಯಂತೆ. ಆ ಪಂಪಿನ ಬಗ್ಗೆ ನಾವು ವಿಚಾರಿಸಿಲ್ಲ. ಅತ್ತೆ ಯಾವ ಯಂತ್ರವೂ ಇಲ್ಲದೆ ಬಾಗಿಲಲ್ಲಿ ಅವರೆಕಾಯಿ ಬಿಡಿಸುತ್ತಲೇ ವ್ಯಾಯಾಮ ಮಾಡುತ್ತಾಳೆ. ಅವಳ ಮುಖ ನೋಡಿದವರಿಗೆ ಏನೂ ತಿಳಿಯುವುದಿಲ್ಲ. ಬೀದಿಯ ಉಳಿದ ಹೆಂಗಸರು ಪವಿತ್ರಳ ಮದುವೆಯಾದ ಮೇಲೆ ಒಂದೆರಡು ವಾರ ಮಾಡಿ, ಆಮೇಲೆ ಕೆಲಸ ಜಾಸ್ತಿಯಾಯಿತು ಎಂದರು.

ಹೊಸ ನಲ್ಲಿ ಹಾಕಿದ್ದಾರೆ. ಪೈಪು ಮಾತ್ರ ಹಳೆಯದೇ. ಬೆಳಗ್ಗೆ ಕೊಡ ಇಟ್ಟು ನಲ್ಲಿ ತಿರುಗಿಸಿದರೆ ಅದು ಮೊದಲು ಮೆಲ್ಲಗೆ ಒಂದು ಉಸಿರು ಎಳೆದುಕೊಳ್ಳುತ್ತದೆ, ಚೂರು ಹೊತ್ತು ಹಿಡಿಯುತ್ತದೆ, ಅಷ್ಟೇ ಹೊತ್ತು ಬಿಡುತ್ತದೆ, ಆಮೇಲೆ ನೀರು ಕೊಡುತ್ತದೆ. ಅತ್ತೆಯನ್ನು ಬಿಟ್ಟರೆ, ಡಾಕ್ಟರು ಹೇಳಿದ್ದನ್ನು ನಮ್ಮ ಬೀದಿಯಲ್ಲಿ ದಿನವೂ ತಪ್ಪದೆ ಮಾಡುತ್ತಿರುವುದು ಅದೊಂದೇ.